ಕಾಸು ಕೊಟ್ಟರೂ ಜಾಗವಿಲ್ಲ: ಸಂಘಟನೆಯ ಸುದ್ದಿಗಾಗಿ ಅಂಬೇಡ್ಕರ್ ನಡೆಸಿದ 36 ವರ್ಷಗಳ ಜಗಳ

1920ರ ಜನವರಿ. ಮುಂಬೈನಲ್ಲಿ ಒಂದು ಪುಟ್ಟ ಮರಾಠಿ ಪಾಕ್ಷಿಕ ಶುರುವಾಗಲಿತ್ತು. ಹೊಸ ಪತ್ರಿಕೆ ಬರ್ತಿದೆ ಅಂತ ಜನಕ್ಕೆ ಗೊತ್ತಾಗಬೇಕಲ್ಲ? ಅದಕ್ಕೆ ಆಗ ಮಹಾರಾಷ್ಟ್ರದ ಅತಿ ಪ್ರಭಾವಿ ಪತ್ರಿಕೆಯಾಗಿದ್ದ ಪುಣೆಯ 'ಕೇಸರಿ'ಗೆ ಒಂದು ಜಾಹೀರಾತು ಹೋಯಿತು. ಪುಕ್ಕಟೆ ಹಾಕಿ ಅಂತ ಯಾರೂ ಕೇಳಿರಲಿಲ್ಲ. ದರ ಎಷ್ಟೋ ಅಷ್ಟು ಕೊಡುವುದಕ್ಕೆ ತಯಾರಿದ್ದರು. ಆದರೂ ಕೇಸರಿ ಹಾಕಲಿಲ್ಲ. ಅದು ತಿಲಕರ ಪತ್ರಿಕೆ. ಸ್ವರಾಜ್ಯ ಜನ್ಮಸಿದ್ಧ ಹಕ್ಕು ಅಂತ ದೇಶಕ್ಕೆಲ್ಲ ಹೇಳಿಕೊಟ್ಟ ತಿಲಕರು ಆಗಿನ್ನೂ ಬದುಕಿದ್ದರು.

ಆ ಪಾಕ್ಷಿಕದ ಹೆಸರು 'ಮೂಕನಾಯಕ'. ಅದರ ಹಿಂದೆ ಇದ್ದವರು ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದ 28 ವರ್ಷದ ಭೀಮರಾವ್ ರಾಮ್‌ಜೀ ಅಂಬೇಡ್ಕರ್.

ಅಂಬೇಡ್ಕರ್ ಅಂದಕೂಡಲೆ ನಮ್ಮ ಕಣ್ಣಿಗೆ ಬರುವುದು ಸಂವಿಧಾನ ಹಿಡಿದ ನೀಲಿ ಕೋಟಿನ ಪ್ರತಿಮೆ. ಪತ್ರಿಕಾ ಕಚೇರಿಗಳ ಬಾಗಿಲಲ್ಲಿ ನಿಂತು ಜಾಗ ಕೇಳಿದ, ಜಾಗ ಸಿಗದಿದ್ದಾಗ ಸಾಲ ಮಾಡಿ ತನ್ನದೇ ಪತ್ರಿಕೆ ಹೊರಡಿಸಿದ, ಅದು ಮುಚ್ಚಿದಾಗ ಇನ್ನೊಂದನ್ನು ತೆರೆದ ಅಂಬೇಡ್ಕರ್ ಅಷ್ಟಾಗಿ ಕಾಣುವುದಿಲ್ಲ. ಇವತ್ತು ಒಂದು ಸಣ್ಣ ಸಂಘಟನೆ ಕಟ್ಟಿಕೊಂಡು, ಪತ್ರಿಕಾ ಪ್ರಕಟಣೆ ಕಳಿಸಿ, ಮರುದಿನ ಬೆಳಿಗ್ಗೆ ಪೇಪರಿನ ಒಳಪುಟಗಳಲ್ಲಿ ನಮ್ಮ ಎರಡು ಸಾಲು ಬಂದಿದೆಯಾ ಅಂತ ಹುಡುಕುವವರಿಗೆ ಈ ಎರಡನೇ ಅಂಬೇಡ್ಕರ್ ಹೆಚ್ಚು ಹತ್ತಿರದವರು.

ಹೆಸರಿಲ್ಲದ ಪತ್ರ

1891ರ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಭೀಮರಾವ್, ಸೇನೆಯಲ್ಲಿ ಸುಬೇದಾರರಾಗಿದ್ದ ರಾಮ್‌ಜೀ ಸಕ್ಪಾಲರ ಮಗ. ಸತಾರಾದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತು ಓದಿದ್ದು, ಬರೋಡಾ ಮಹಾರಾಜರ ನೆರವಿನಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದು, ಅಲ್ಲಿಂದ ಲಂಡನ್‌ಗೆ ಹೋಗಿದ್ದು, ಇದೆಲ್ಲ ಗೊತ್ತಿರುವ ಕಥೆ.

1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಅಷ್ಟು ಓದಿದ ಮನುಷ್ಯನಿಗೆ ಇರೋಕೆ ಒಂದು ಕೋಣೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರು. ಗೊತ್ತಾದ ದಿನ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಗಟ್ಟಿತು. ಹೀಗೆ ಆಗಿದ್ದು ಅವರೊಬ್ಬರಿಗೇ ಅಲ್ಲ, ದಿನಾ ಎಲ್ಲ ಊರಲ್ಲೂ ಯಾರಿಗೋ ಆಗುತ್ತಿತ್ತು. ಆದರೆ ಇಂಥದ್ದು ಸುದ್ದಿ ಅನ್ನುವ ಲೆಕ್ಕವೇ ಆಗಿನ ಪತ್ರಿಕೆಗಳಿಗೆ ಇರಲಿಲ್ಲ. ಬರೋಡಾದ ಆ ಘಟನೆ ನಮಗೆ ಇವತ್ತು ಗೊತ್ತಿರುವುದು ಸುಮಾರು ಎರಡು ದಶಕದ ನಂತರ ಅಂಬೇಡ್ಕರ್ ತಾವೇ ಕೂತು ಬರೆದಿಟ್ಟಿದ್ದರಿಂದ.

ದೊಡ್ಡ ಪತ್ರಿಕೆಯೊಂದರಲ್ಲಿ ಅವರು ಜಾಗ ಪಡೆದಿದ್ದು 1919ರ ಜನವರಿ 16ರಂದು. ಯಾರಿಗೆ ಮತದಾನದ ಹಕ್ಕು ಕೊಡಬೇಕು ಅಂತ ವಿಚಾರಿಸಲು ಸೌತ್‌ಬರೋ ಸಮಿತಿ ಆಗ ಭಾರತಕ್ಕೆ ಬಂದಿತ್ತು. ಅದೇ ಹೊತ್ತಿಗೆ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಹೋಂ ರೂಲ್ ಬಗ್ಗೆ ಅಸ್ಪೃಶ್ಯರ ಕಡೆಯಿಂದ ಒಂದು ಪತ್ರ ಬಂತು. ಕೆಳಗೆ ಸ್ವಂತ ಹೆಸರಿಲ್ಲ, ಒಬ್ಬ ಮಹಾರ್ ಅಂತಷ್ಟೇ ಗುರುತು. ಹತ್ತು ಹನ್ನೊಂದು ದಿನಗಳ ಬಳಿಕ ಅವರೇ ಸಮಿತಿಯ ಮುಂದೆ ಹೋಗಿ ಸಾಕ್ಷ್ಯ ನುಡಿದರು.

ಇಲ್ಲಿ ಸಮಯ ಗಮನಿಸಬೇಕು. ಸಮಿತಿ ಊರಲ್ಲಿರುವಾಗಲೇ, ಅದರ ಸದಸ್ಯರು ಓದುವ ಇಂಗ್ಲಿಷ್ ಪತ್ರಿಕೆಯಲ್ಲೇ, ಸಮಿತಿಯ ವಿಷಯಕ್ಕೆ ನೇರವಾಗಿ ತಾಗುವ ಮಾತು. ಸುದ್ದಿ ಎಲ್ಲಿ, ಯಾವಾಗ, ಯಾರ ಕಣ್ಣಿಗೆ ಬೀಳಬೇಕು ಅನ್ನುವ ಲೆಕ್ಕ ಅವರಲ್ಲಿ ಮೊದಲಿನಿಂದಲೂ ಇತ್ತು. ಅದರ ಮಿತಿಯೂ ಅವರಿಗೆ ಗೊತ್ತಿತ್ತು. ಓದುಗರ ಪತ್ರದಲ್ಲಿ ಸಿಗುವುದು ಒಂದು ದಿನದ ಜಾಗ. ನಾಳೆ ಬೇಕೆಂದರೆ ಮತ್ತೆ ಸಂಪಾದಕರ ಮರ್ಜಿ ಕಾಯಬೇಕು.

ಮೂಕನಾಯಕ ಬಂದ, ಹೋದ

ಅಸ್ಪೃಶ್ಯರ ಪತ್ರಿಕೆ ಅನ್ನುವುದು ಅಂಬೇಡ್ಕರರಿಂದಲೇ ಶುರುವಾಗಿದ್ದಲ್ಲ. ಪುಣೆಯಲ್ಲಿ ಶಿವರಾಮ್ ಜಾನಬಾ ಕಾಂಬಳೆ 1908ರಲ್ಲೇ 'ಸೋಮವಂಶೀಯ ಮಿತ್ರ' ಹೊರಡಿಸಿದ್ದರು. ಫುಲೆ ಪರಂಪರೆಯ ಬ್ರಾಹ್ಮಣೇತರ ಪತ್ರಿಕೆಗಳೂ ಇದ್ದವು. ಅಸ್ಪೃಶ್ಯರ ಪ್ರಶ್ನೆಗಳಿಗೆ ಅವುಗಳಲ್ಲಿ ಆಗಾಗ ಜಾಗ ಸಿಗುತ್ತಿತ್ತು. ಆದರೆ ಬೇರೆಯವರ ಪತ್ರಿಕೆಯಲ್ಲಿ ಅವರಿಗೆ ಬೇಕಾದಾಗ ಸಿಗುವ ಜಾಗ ಸಾಲದು ಅನ್ನುವುದೇ ಮೂಕನಾಯಕದ ಮೊದಲ ಸಂಚಿಕೆಯ ವಾದ. ಬಹಳಷ್ಟು ಪತ್ರಿಕೆಗಳು ತಂತಮ್ಮ ಜಾತಿಯ ಹಿತ ಕಾಯುವುದರಲ್ಲೇ ಮುಳುಗಿವೆ ಅಂತ ಅಂಬೇಡ್ಕರ್ ಅದರಲ್ಲಿ ಬರೆದರು. ಅದಕ್ಕೆ ಅವರು ಕೊಟ್ಟ ಹೋಲಿಕೆ ಹಡಗಿನದು: ಒಬ್ಬ ಪ್ರಯಾಣಿಕ ಇನ್ನೊಬ್ಬನ ಮೇಲಿನ ಕೋಪಕ್ಕೆ ಹಡಗಿಗೆ ತೂತು ಕೊರೆದರೆ ತಾನೂ ಮುಳುಗುತ್ತಾನೆ.

ಮೂಕನಾಯಕದ ಮೊದಲ ಸಂಚಿಕೆ ಬಂದದ್ದು 1920ರ ಜನವರಿ 31ರ ಶನಿವಾರ. ದುಡ್ಡು ಬಂದದ್ದು ಕೊಲ್ಹಾಪುರದಿಂದ. ಅಲ್ಲಿನ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. ಅಂಬೇಡ್ಕರ್ ಸರ್ಕಾರಿ ಕಾಲೇಜಿನಲ್ಲಿ ನೌಕರಿಯಲ್ಲಿದ್ದುದರಿಂದ ಸಂಪಾದಕರ ಜಾಗದಲ್ಲಿ ತಮ್ಮ ಹೆಸರು ಹಾಕಿಕೊಳ್ಳುವಂತಿರಲಿಲ್ಲ. ಪಾಂಡುರಂಗ ಭಟ್ಕರ್ ಹೆಸರಿಗೆ ಸಂಪಾದಕರು, ಬರೆಯುತ್ತಿದ್ದವರು ಅಂಬೇಡ್ಕರ್. ಪತ್ರಿಕೆಯ ನೆತ್ತಿಯ ಮೇಲೆ ಸಂತ ತುಕಾರಾಮರ ಸಾಲುಗಳಿದ್ದವು. ಹೊಸ ದನಿಯನ್ನು ಹಳ್ಳಿಯ ಜನರಿಗೆ ಪರಿಚಯ ಇದ್ದ ನುಡಿಯ ಮೂಲಕವೇ ಮುಟ್ಟಿಸುವ ಜಾಣ್ಮೆ ಅದು.

ಎರಡೇ ತಿಂಗಳಲ್ಲಿ, ಮಾರ್ಚ್‌ನಲ್ಲಿ, ಕೊಲ್ಹಾಪುರ ಸಂಸ್ಥಾನದ ಮಾಣಗಾಂವ್‌ನಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅಧ್ಯಕ್ಷತೆ ಅಂಬೇಡ್ಕರರದ್ದು. ಸ್ವತಃ ಶಾಹೂ ಮಹಾರಾಜರು ಬಂದು, ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆ ಅಂತ ಜನರ ಮುಂದೆ ಹೇಳಿದರು. ಅರಸನೇ ಬಂದ ಸಭೆಯನ್ನು ಪತ್ರಿಕೆಗಳು ಕಾಣದಂತೆ ಇರುವುದು ಕಷ್ಟ. ಇದು ಇವತ್ತಿನ ಸಂಘಟಕರಿಗೂ ಗೊತ್ತಿರುವ ಉಪಾಯವೇ. ಅತಿಥಿ ದೊಡ್ಡವರಾದರೆ ಕ್ಯಾಮೆರಾ ತಾನಾಗಿ ಬರುತ್ತದೆ. ಆದರೆ ಕ್ಯಾಮೆರಾ ಆ ಅತಿಥಿಯ ಜೊತೆಗೇ ಹೊರಟೂ ಹೋಗುತ್ತದೆ ಅನ್ನುವುದು ನಂತರ ಗೊತ್ತಾಗುವ ವಿಷಯ.

ಅದೇ ವರ್ಷ ಜುಲೈನಲ್ಲಿ ಅಂಬೇಡ್ಕರ್ ಅರ್ಧಕ್ಕೆ ನಿಂತಿದ್ದ ಓದು ಮುಗಿಸಲು ಲಂಡನ್‌ಗೆ ಹೊರಟರು. ಪತ್ರಿಕೆ ಬೇರೆಯವರ ಕೈಗೆ ಹೋಯಿತು. 1922ರಲ್ಲಿ ಶಾಹೂ ಮಹಾರಾಜರು ತೀರಿಕೊಂಡರು. ಹಣ ಇಲ್ಲ, ಆಡಳಿತದ ತಕರಾರು ಬೇರೆ. 1923ರಲ್ಲಿ ಮೂಕನಾಯಕ ನಿಂತುಹೋಯಿತು. ಒಬ್ಬರ ಬರವಣಿಗೆ, ಇನ್ನೊಬ್ಬರ ದೇಣಿಗೆ, ಇವೆರಡರ ಮೇಲೆ ನಿಂತ ಪತ್ರಿಕೆಯ ಗತಿ ಅದು. ಅಂಬೇಡ್ಕರ್ ಆ ಪಾಠ ಮರೆಯಲಿಲ್ಲ.

ಮೊದಲು ಸಂಘಟನೆ, ಆಮೇಲೆ ಸುದ್ದಿ

1923ರಲ್ಲಿ ವಾಪಸ್ ಬಂದವರು ಕೂಡಲೇ ಪತ್ರಿಕೆ ತೆರೆಯಲಿಲ್ಲ. 1924ರ ಜುಲೈನಲ್ಲಿ 'ಬಹಿಷ್ಕೃತ ಹಿತಕಾರಿಣಿ ಸಭಾ' ಕಟ್ಟಿದರು. ಮುಂಬೈನ ಪರೇಲ್‌ನ ದಾಮೋದರ್ ಹಾಲ್ ಅದರ ಕಾರ್ಯಕ್ಷೇತ್ರ. ಅದರ ಅಧ್ಯಕ್ಷರಾಗಿ ಹೆಸರಾಂತ ವಕೀಲ ಸರ್ ಚಿಮನ್‌ಲಾಲ್ ಸೆತಲ್ವಾಡ್ ಇದ್ದರು. ಕಾರ್ಯಕಾರಿ ಸಮಿತಿಯನ್ನು ನಡೆಸಿದವರು ಅಂಬೇಡ್ಕರ್. ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ, ಮುಂಬೈನಲ್ಲಿ ಓದುವ ಕೋಣೆ, ಊರೂರಲ್ಲಿ ಸಭೆ, ಹೀಗೆ ಕೆಲಸ ನಡೆಯಿತು. 1925ರಲ್ಲಿ ನಮ್ಮ ನಿಪ್ಪಾಣಿಯಲ್ಲಿ ನಡೆದ ಮುಂಬೈ ಪ್ರಾಂತ್ಯದ ಅಸ್ಪೃಶ್ಯರ ಪರಿಷತ್ತಿಗೂ ಅವರದ್ದೇ ಅಧ್ಯಕ್ಷತೆ. ಬೆಳಗಾವಿ, ಧಾರವಾಡದ ಕಡೆ ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಕೆಲ ವರ್ಷಗಳ ನಂತರ ಧಾರವಾಡದಲ್ಲೂ ಅವರ ಪ್ರಯತ್ನದಿಂದ ವಿದ್ಯಾರ್ಥಿನಿಲಯ ಬಂತು.

ಈ ಮೂರು ವರ್ಷ ಅವರ ಕೈಯಲ್ಲಿ ಪತ್ರಿಕೆಯೇ ಇರಲಿಲ್ಲ ಅನ್ನುವುದು ಸಣ್ಣ ಮಾತಲ್ಲ. ಹೇಳಿಕೊಳ್ಳುವುದಕ್ಕೆ ಮೊದಲು ಹೇಳಿಕೊಳ್ಳುವಂಥದ್ದೊಂದು ಬೇಕು. ಇವತ್ತು ಸಂಘಟನೆ ಶುರುವಾಗುವ ಮೊದಲೇ ಅದರ ಇನ್‌ಸ್ಟಾಗ್ರಾಂ ಪುಟ ಶುರುವಾಗುತ್ತದೆ. ತಪ್ಪು ಅಂತ ಅಲ್ಲ. ಆದರೆ ಪುಟ ತೆರೆದು ಆರು ತಿಂಗಳಾದರೂ ಹಾಕುವುದಕ್ಕೆ ಜಯಂತಿಗಳ ಪೋಸ್ಟರ್ ಬಿಟ್ಟರೆ ಬೇರೇನೂ ಇಲ್ಲ ಅನ್ನುವ ಸ್ಥಿತಿ ಎಷ್ಟು ಕಡೆ ಇದೆ ಅಂತ ನಮಗೆ ನಾವೇ ಕೇಳಿಕೊಳ್ಳಬಹುದು.

ಮಹಾಡ್: ಸುದ್ದಿ ತಾನಾಗಿ ಬಂತು, ಆದರೆ ಯಾರ ಮಾತಿನಲ್ಲಿ?

1923ರಲ್ಲಿ ಮುಂಬೈ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಒಂದು ಗೊತ್ತುವಳಿ ಮಂಡಿಸಿ ಗೆದ್ದಿದ್ದರು. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ, ನಡೆಸುವ ಕೆರೆ, ಬಾವಿ, ಶಾಲೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅನ್ನುವುದು ಅದರ ಸಾರ. ಮರುವರ್ಷ ಕೊಂಕಣದ ಮಹಾಡ್ ಪುರಸಭೆ ಅದಕ್ಕೆ ಅನುಗುಣವಾಗಿ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತು. ಕಾಗದದಲ್ಲಿ ಕೆರೆ ತೆರೆಯಿತು. ನೀರು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟುವ ಧೈರ್ಯ ಯಾರಿಗೂ ಬರದ ಹಾಗೆ ಊರಿನ ಕಟ್ಟುಪಾಡು ಇತ್ತು.

1927ರ ಮಾರ್ಚ್ 19 ಮತ್ತು 20ರಂದು ಅಲ್ಲಿ ಕೊಲಾಬಾ ಜಿಲ್ಲೆಯ ಅಸ್ಪೃಶ್ಯರ ಪರಿಷತ್ತು ಸೇರಿತು. ಸ್ಥಳೀಯವಾಗಿ ಓಡಾಡಿ ಅದನ್ನು ಕಟ್ಟಿದವರಲ್ಲಿ ಆರ್.ಬಿ. ಮೋರೆ ಮುಖ್ಯರು. ಪುರಸಭೆಯ ಸುರೇಂದ್ರನಾಥ ಟಿಪ್ನಿಸ್, ಅನಂತರಾವ್ ಚಿತ್ರೆಯಂಥ ಮೇಲ್ಜಾತಿಯ ಗೆಳೆಯರೂ ಜೊತೆಗಿದ್ದರು. ಹಳ್ಳಿಗಳಿಂದ ಸಾವಿರಾರು ಜನ ನಡೆದು ಬಂದರು. ಕೆರೆ ಪಕ್ಕದಲ್ಲೇ ಇದ್ದರೂ ಸಭೆಗೆ ಬಂದವರು ಕುಡಿಯುವ ನೀರನ್ನು ದುಡ್ಡು ಕೊಟ್ಟು ತರಿಸಬೇಕಾಯಿತು. ಎರಡನೇ ದಿನ ಎಲ್ಲರೂ ಸಾಲಾಗಿ ಊರಿನ ಮಧ್ಯೆ ನಡೆದು ಹೋಗಿ ಕೆರೆಯ ನೀರು ಕುಡಿದರು. ಅಂಬೇಡ್ಕರ್ ಮೊದಲು, ಹಿಂದೆ ಜನ.

ಪತ್ರಿಕೆ ಬರುವ ಮೊದಲೇ ಊರಲ್ಲಿ ಇನ್ನೊಂದು ಸುದ್ದಿ ಹರಡಿತು. ಇವರು ಇನ್ನು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಅನ್ನುವ ಗಾಳಿಮಾತು. ಅದು ಸುಳ್ಳು. ಆದರೆ ದೊಣ್ಣೆಗಳು ಹೊರಬರುವುದಕ್ಕೆ ಅಷ್ಟೇ ಸಾಕಾಯಿತು. ಊಟ ಮಾಡುತ್ತಿದ್ದವರ ಮೇಲೆ, ಊರಿಗೆ ವಾಪಸ್ ಹೊರಟಿದ್ದವರ ಮೇಲೆ ಹಲ್ಲೆ ಆಯಿತು. ಅಂಬೇಡ್ಕರ್ ತಮ್ಮ ಜನರಿಗೆ ತಿರುಗಿ ಹೊಡೆಯಬೇಡಿ ಅಂದರು. ಮೇಲ್ಜಾತಿಯವರು ಆಮೇಲೆ 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧಿ ಮಾಡಿಕೊಂಡರು.

ಈಗ ಸುದ್ದಿಯಾಯಿತು. ಕೆಲವು ಪತ್ರಿಕೆಗಳು ಪರವಾಗಿ ಬರೆದವು. ಭೋಪಟ್ಕರರ 'ಭಾಲಾ'ದಂಥ ಪತ್ರಿಕೆಗಳು ಏಟು ತಿಂದವರ ಮೇಲೆಯೇ ಕೆಂಡ ಕಾರಿದವು. ಹೊಡೆದವರು ಯಾರು ಅನ್ನುವುದು ಪಕ್ಕಕ್ಕೆ ಸರಿದು, ಕೆರೆಗೆ ಇಳಿದದ್ದು ಸರಿಯೇ ಅನ್ನುವ ಚರ್ಚೆ ಮುಂದೆ ಬಂತು. ಜಾಗ ಸಿಗುವುದೇ ಗೆಲುವು ಅಂದುಕೊಂಡವರು ಇಲ್ಲಿ ನಿಲ್ಲಬೇಕು. ಮಹಾಡ್‌ಗೆ ಪತ್ರಿಕೆಯಲ್ಲಿ ಜಾಗ ಸಿಕ್ಕಿತು. ಆದರೆ ಅಲ್ಲಿ ನಡೆದದ್ದನ್ನು ಹೇಳುವ ಹಕ್ಕು ಮಹಾಡ್‌ಗೆ ನಡೆದು ಬಂದವರ ಕೈಯಲ್ಲಿ ಇರಲಿಲ್ಲ.

ಅದಕ್ಕೇ ಎರಡು ವಾರ ತುಂಬುವ ಹೊತ್ತಿಗೆ, 1927ರ ಏಪ್ರಿಲ್ 3ರಂದು, 'ಬಹಿಷ್ಕೃತ ಭಾರತ' ಹೊರಬಂತು. ಈ ಸಲ ಸಂಪಾದಕರ ಹೆಸರು ಮುಚ್ಚುಮರೆ ಇಲ್ಲದೆ ಅಂಬೇಡ್ಕರ್ ಅಂತಲೇ ಇತ್ತು. ನೆತ್ತಿಯ ಮೇಲೆ ಸಂತ ಜ್ಞಾನೇಶ್ವರರ ಸಾಲುಗಳು.

24 ಅಂಕಣ, ಒಬ್ಬನೇ ಬರಹಗಾರ

ಬಹಿಷ್ಕೃತ ಭಾರತದ ಪುಟಗಳಲ್ಲಿ ಅಂದಂದಿನ ಪ್ರಶ್ನೆಗಳಿಗೆ ಅಂತ ಒಂದು ಅಂಕಣ ಇತ್ತು. ಬೇರೆ ಪತ್ರಿಕೆಗಳಲ್ಲಿ ಬಂದ ಆಪಾದನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವುದು ಅಲ್ಲಿನ ಮುಖ್ಯ ಕೆಲಸ. ಬೈಗುಳಕ್ಕೆ ಬೈಗುಳ ಅಲ್ಲ. ಶಾಸನಸಭೆಯ ನಿರ್ಣಯ ಏನು, ಪುರಸಭೆಯ ಠರಾವು ಏನು, ಕೆರೆ ಯಾರ ದುಡ್ಡಿನಿಂದ ನಡೆಯುತ್ತದೆ ಅಂತ ವಕೀಲನ ಹಾಗೆ ಕಾಗದ ಮುಂದಿಟ್ಟು ವಾದ. ಜೊತೆಗೆ ಮರಾಠಿ ಓದುವ ಸಾಮಾನ್ಯನಿಗೂ ತಲುಪುವ ಚುರುಕು, ಅಲ್ಲಲ್ಲಿ ಗೇಲಿ.

ಪ್ರತಿ ಸಂಚಿಕೆಗೆ 24 ಅಂಕಣಗಳಷ್ಟು ಮ್ಯಾಟರ್ ಬೇಕಿತ್ತು. ಬಹುಪಾಲು ಅವರೊಬ್ಬರೇ ತುಂಬಿಸಿದರು. ಹಗಲು ಕೋರ್ಟು, ಕಾಲೇಜು, ಸಭೆ. ರಾತ್ರಿ ಬರವಣಿಗೆ. ಇದನ್ನು ಅವರು ಮುಚ್ಚಿಡಲಿಲ್ಲ. ಒಂದು ವರ್ಷ ಒಂದು ಕಾಸೂ ತೆಗೆದುಕೊಳ್ಳದೆ ಹೀಗೆ ದುಡಿದಿದ್ದೇನೆ, ಪತ್ರಿಕೆ ಉಳಿಸಿಕೊಳ್ಳುವುದು ಸಮಾಜದ ಜವಾಬ್ದಾರಿಯೂ ಹೌದಲ್ಲವೇ ಅಂತ ಓದುಗರನ್ನೇ ಪತ್ರಿಕೆಯಲ್ಲಿ ಕೇಳಿದರು. ಚಂದಾದಾರರು ಕಡಿಮೆ. ಇದ್ದವರಲ್ಲೂ ಬಡ ಗಿರಣಿ ಕಾರ್ಮಿಕರು ಹೆಚ್ಚು. ಜಾಹೀರಾತು ಕೊಡುವ ವ್ಯಾಪಾರಿಗಳು ಈ ಕಡೆ ತಲೆ ಹಾಕುತ್ತಿರಲಿಲ್ಲ.

ಪತ್ರಿಕೆ ಇದ್ದುದರಿಂದ ಏನಾಯಿತು ಅನ್ನುವುದು ಡಿಸೆಂಬರ್‌ನಲ್ಲಿ ಗೊತ್ತಾಯಿತು. ಆಗಸ್ಟ್‌ನಲ್ಲಿ ಮಹಾಡ್ ಪುರಸಭೆ ತನ್ನ ಹಳೆಯ ಠರಾವನ್ನು ವಾಪಸ್ ಪಡೆಯಿತು. ಅಂಬೇಡ್ಕರ್ ಡಿಸೆಂಬರ್ 25ರಿಂದ ಸತ್ಯಾಗ್ರಹ ಅಂತ ಘೋಷಿಸಿದರು. ಅಷ್ಟರಲ್ಲಿ ವಿರೋಧಿಗಳು ಕೋರ್ಟಿಗೆ ಹೋಗಿ ಕೆರೆಯ ಹತ್ತಿರ ಹೋಗದಂತೆ ತಡೆಯಾಜ್ಞೆ ತಂದರು. ಊರಲ್ಲಿ ಸಭೆಗೆ ಯಾರೂ ಜಾಗ ಕೊಡಲಿಲ್ಲ. ಕೊನೆಗೆ ಚಪ್ಪರ ಎದ್ದದ್ದು ಫತ್ತೇಖಾನ್ ಎಂಬ ಮುಸ್ಲಿಮರ ಜಮೀನಿನಲ್ಲಿ. 25ರ ರಾತ್ರಿ ಅಲ್ಲಿ ಮನುಸ್ಮೃತಿಯನ್ನು ಸುಟ್ಟರು. ನಿರ್ಣಯ ಮಂಡಿಸಿದವರು ಬ್ರಾಹ್ಮಣರಾಗಿದ್ದ ಗಂಗಾಧರ ಸಹಸ್ರಬುದ್ಧೆ. ಕೋರ್ಟಿನ ಆಜ್ಞೆಗೆ ತಲೆಬಾಗಿ ಕೆರೆಗೆ ಇಳಿಯದೆ, ಅದರ ಸುತ್ತ ಮೆರವಣಿಗೆ ಮಾಡಿ ಜನ ಚದುರಿದರು.

ಪುಸ್ತಕ ಸುಟ್ಟದ್ದು ಬೆಂಕಿಯಂತೆಯೇ ಹಬ್ಬಿತು. ಇದು ಹುಚ್ಚುತನ, ಇದರಿಂದ ಏನು ಸಾಧಿಸಿದಂತಾಯಿತು ಅಂದವರಿಗೆ ಅಂಬೇಡ್ಕರ್ ತಮ್ಮ ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ವಿದೇಶಿ ಬಟ್ಟೆ ಸುಟ್ಟಾಗ ಅದನ್ನು ರಾಷ್ಟ್ರಭಕ್ತಿ ಅಂದವರು, ಅಸಮಾನತೆಯ ಗುರುತಾದ ಗ್ರಂಥ ಸುಟ್ಟಾಗ ಯಾಕೆ ಗಾಬರಿಯಾಗುತ್ತಾರೆ ಅನ್ನುವ ಧಾಟಿಯಲ್ಲಿ. ಇವತ್ತೂ ಡಿಸೆಂಬರ್ 25ನ್ನು ಮನುಸ್ಮೃತಿ ದಹನ ದಿನ ಅಂತ ನಾವು ಆಚರಿಸುತ್ತೇವೆ. ಆ ರಾತ್ರಿಯ ಅರ್ಥವನ್ನು ಸುಟ್ಟವರೇ ಬರೆದಿಟ್ಟದ್ದು ಅದಕ್ಕೆ ಒಂದು ದೊಡ್ಡ ಕಾರಣ.

ಮಹಾಡ್‌ನ ಕೋರ್ಟು ಕೇಸು ಮಾತ್ರ ಹತ್ತು ವರ್ಷ ಎಳೆಯಿತು. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟ್ ಅಸ್ಪೃಶ್ಯರ ಪರ ತೀರ್ಪು ಕೊಟ್ಟಿತು. ಆ ಹತ್ತು ವರ್ಷ ವಿಷಯ ಜನರ ನೆನಪಿನಲ್ಲಿ ಉಳಿಯಬೇಕಾದರೆ ಒಂದು ದಿನದ ಹೆಡ್‌ಲೈನ್ ಸಾಲುತ್ತಿರಲಿಲ್ಲ.

ಓದು ಬಾರದವರಿಗೆ ಸುದ್ದಿ

1928ರ ಜೂನ್‌ನಲ್ಲಿ 'ಸಮತಾ' ಬಂತು. ಅದು ಸಮಾಜ ಸಮತಾ ಸಂಘ ಎಂಬ ಬೇರೆ ಸಂಘಟನೆಯ ಮುಖವಾಣಿ, ಸಂಪಾದಕರು ದೇವರಾವ್ ನಾಯಕ್. ಜಾತಿ ಮೀರಿದ ಗೆಳೆಯರನ್ನು ಸೇರಿಸಿಕೊಂಡು ಕಟ್ಟಿದ ಸಂಘ ಅದು. 1929ರ ಕೊನೆಗೆ ಬಹಿಷ್ಕೃತ ಭಾರತ ಹಣವಿಲ್ಲದೆ ನಿಂತಿತು. 1930ರ ನವೆಂಬರ್ 24ರಂದು 'ಜನತಾ' ಶುರುವಾಯಿತು. ಆ ದಿನ ಅಂಬೇಡ್ಕರ್ ಮುಂಬೈನಲ್ಲಿ ಇರಲೇ ಇಲ್ಲ. ದುಂಡುಮೇಜಿನ ಸಮ್ಮೇಳನಕ್ಕೆಂದು ಲಂಡನ್‌ನಲ್ಲಿದ್ದರು. ಮೂಕನಾಯಕ ಅವರು ಲಂಡನ್‌ಗೆ ಹೋದ ಮೇಲೆ ಬಾಡಿತ್ತು. ಹತ್ತು ವರ್ಷದ ನಂತರ ಅವರು ಲಂಡನ್‌ನಲ್ಲಿರುವಾಗಲೇ ಹೊಸ ಪತ್ರಿಕೆ ಹುಟ್ಟಿತು. ನಡೆಸುವ ಕೈಗಳು ಈಗ ತಯಾರಾಗಿದ್ದವು. ಲಂಡನ್‌ನಿಂದ ಅವರು ಬರೆದ ಪತ್ರಗಳು ಜನತಾದಲ್ಲಿ ಅಚ್ಚಾಗಿ ಚಾಳುಗಳನ್ನು ತಲುಪುತ್ತಿದ್ದವು.

ಆದರೆ ಓದೋಕೆ ಬರುತ್ತಿದ್ದವರು ಎಷ್ಟು ಜನ? ಒಬ್ಬ ಓದುವುದು, ಸುತ್ತ ಕೂತವರು ಕೇಳುವುದು. ಅದೂ ಸಾಲದ ಕಡೆ 1930ರ ದಶಕದಲ್ಲಿ 'ಜಲ್ಸಾ'ಗಳು ಹೋದವು. ಭೀಮರಾವ್ ಕರ್ಡಕ್‌ರಂಥ ಕಲಾವಿದರು ತಮಾಷಾದ ಮಟ್ಟುಗಳಲ್ಲೇ ಚಳವಳಿಯ ಸುದ್ದಿ ಕಟ್ಟಿ ಹಾಡಿದರು, ಆಡಿದರು. ಪತ್ರಿಕೆಯಲ್ಲಿ ಬಂದದ್ದು ಹಾಡಾಯಿತು, ಹಾಡು ಊರಿಂದೂರಿಗೆ ನಡೆಯಿತು. ನಮ್ಮಲ್ಲಿ ಹೋರಾಟದ ಹಾಡುಗಳು ಮಾಡಿದ ಕೆಲಸ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಯಾಮೆರಾ ಇನ್ನೊಂದು ಕಡೆ ಇದ್ದಾಗ

1930ರ ಮಾರ್ಚ್ 2ರಂದು ನಾಸಿಕ್‌ನಲ್ಲಿ ಕಾಳಾರಾಮ ಮಂದಿರ ಪ್ರವೇಶದ ಸತ್ಯಾಗ್ರಹ ಶುರುವಾಯಿತು. ಸುಮಾರು 15,000 ಜನ ಸೇರಿದ್ದರು ಅಂತ ದಾಖಲೆಗಳು ಹೇಳುತ್ತವೆ. ಮಂದಿರದ ಬಾಗಿಲು ಮುಚ್ಚಿತು. ಹತ್ತು ದಿನದ ನಂತರ, ಮಾರ್ಚ್ 12ಕ್ಕೆ, ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟರು. ಫಿಲ್ಮ್ ಕ್ಯಾಮೆರಾಗಳು, ವಿದೇಶಿ ವರದಿಗಾರರು ಆ ಕಡೆ. ನಾಸಿಕ್‌ನಲ್ಲಿ ಭಾವುರಾವ್ ಗಾಯಕವಾಡ್ ಮುಂತಾದವರು 1935ರ ತನಕ ಹೋರಾಟ ಎಳೆದರು. ಉಪ್ಪಿನ ಮೇಲೆ ಬಿದ್ದಷ್ಟು ಕಣ್ಣು ಆ ಮುಚ್ಚಿದ ಬಾಗಿಲ ಮೇಲೆ ಬೀಳಲಿಲ್ಲ.

1932ರ ಸೆಪ್ಟೆಂಬರ್‌ನಲ್ಲಿ ಇದು ತಿರುಗುಮುರುಗಾಯಿತು. ಪ್ರತ್ಯೇಕ ಚುನಾಯಕ ಗಣದ ವಿರುದ್ಧ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ದೇಶದ ಎಲ್ಲ ಪತ್ರಿಕೆಗಳ ಕಣ್ಣು ಅಂಬೇಡ್ಕರ್ ಮೇಲೆ. ಆದರೆ ಹೇಗೆ? ದೇಶದ್ರೋಹಿ, ಬ್ರಿಟಿಷರ ಕೈಗೊಂಬೆ ಅಂತ. 24ರಂದು ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಹನ್ನೆರಡು ವರ್ಷದ ಹಿಂದೆ ಕಾಸು ಕೊಟ್ಟರೂ ಜಾಗ ಸಿಗದಿದ್ದ ಮನುಷ್ಯನಿಗೆ ಈಗ ಮುಖಪುಟದಲ್ಲಿ ಬೇಡವೆಂದರೂ ಜಾಗ. ಎರಡೂ ಸಲ ಅವರ ಜನರ ಮಾತು ಮಾತ್ರ ಹೊರಗೇ ಉಳಿಯಿತು.

1936ರಲ್ಲಿ ಅವರು ಬೇರೆ ದಾರಿ ಹಿಡಿದರು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಭಾಷಣಕ್ಕೆ ಕರೆದು, ಬರೆದು ಕಳಿಸಿದ್ದನ್ನು ಓದಿ ಹೆದರಿ, ಸಮ್ಮೇಳನವನ್ನೇ ಕೈಬಿಟ್ಟಿತು. ಅಂಬೇಡ್ಕರ್ ಒಂದು ಅಕ್ಷರವನ್ನೂ ಬದಲಿಸದೆ, ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಹಾಕಿಸಿ ಮಾರಾಟಕ್ಕಿಟ್ಟರು. ಅದೇ 'ಜಾತಿ ವಿನಾಶ'. ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಅದಕ್ಕೆ ವಿಮರ್ಶೆ ಬರೆದರು. ಎಂಟಾಣೆ ಬೆಲೆ ಜಾಸ್ತಿಯಾಯಿತು, ಎರಡಾಣೆಯೋ ನಾಲ್ಕಾಣೆಯೋ ಇಡಬಹುದಿತ್ತು ಅಂತಲೂ ಸೂಚಿಸಿದರು. ಅಂಬೇಡ್ಕರ್ ಎರಡನೇ ಮುದ್ರಣದಲ್ಲಿ ಗಾಂಧೀಜಿಯ ವಿಮರ್ಶೆಯನ್ನೂ ಪೂರ್ತಿ ಸೇರಿಸಿದರು, ಕೆಳಗೆ ತಮ್ಮ ಉತ್ತರವನ್ನೂ ಹಾಕಿದರು. ಆಡಲಾಗದ ಭಾಷಣ ಹೀಗೆ ದೇಶದ ಚರ್ಚೆಯಾಯಿತು. ವಿರೋಧಿಯ ಮಾತನ್ನು ಕತ್ತರಿಸದೆ ಓದುಗರ ಮುಂದಿಡುವಷ್ಟು ತಮ್ಮ ವಾದದ ಮೇಲೆ ಅವರಿಗೆ ನಂಬಿಕೆ ಇತ್ತು.

ಸೋಪು ಮಾರುವ ಹಾಗೆ

1943ರ ಜನವರಿ 18ರಂದು ಪುಣೆಯಲ್ಲಿ ರಾನಡೆಯವರ 101ನೇ ಜನ್ಮದಿನದ ಭಾಷಣ. ಅಲ್ಲಿ ಅಂಬೇಡ್ಕರ್ ಪತ್ರಿಕೆಗಳನ್ನು ನೇರವಾಗಿ ತರಾಟೆಗೆ ತೆಗೆದುಕೊಂಡರು. ಒಂದು ಕಾಲಕ್ಕೆ ವೃತ್ತಿಯಾಗಿದ್ದ ಪತ್ರಿಕೋದ್ಯಮ ಈಗ ಸೋಪು ತಯಾರಿಸುವಂಥ ವ್ಯಾಪಾರವಾಗಿದೆ ಅಂದರು. ಸುದ್ದಿಯನ್ನು ಪಕ್ಷಪಾತ ಇಲ್ಲದೆ ಕೊಡುವುದಕ್ಕಿಂತ ಒಬ್ಬ ನಾಯಕನನ್ನು ಆರಿಸಿ ಪೂಜಿಸುವುದೇ ಅದರ ಮೊದಲ ಕೆಲಸವಾಗಿದೆ ಅನ್ನುವುದು ಅವರ ದೂರು. ಆಗ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರು. ಅಧಿಕಾರ ಬಂದಮೇಲೂ ಜಗಳ ಬಿಟ್ಟಿರಲಿಲ್ಲ.

ಅದೇ ದಶಕದ ಇನ್ನೊಂದು ಬರಹದಲ್ಲಿ ಅವರು ಸಮಸ್ಯೆಯ ಬುಡಕ್ಕೇ ಹೋದರು. ಅಸ್ಪೃಶ್ಯರಿಗೆ ಸ್ವಂತ ಪತ್ರಿಕೆ ಯಾಕೆ ನಿಲ್ಲುವುದಿಲ್ಲ? ಜಾಹೀರಾತಿನ ಆದಾಯವಿಲ್ಲದೆ ಪತ್ರಿಕೆ ನಡೆಯುವುದಿಲ್ಲ, ಜಾಹೀರಾತು ಕೊಡುವವರು ಅವರ ಕಡೆಯವರಲ್ಲ. ಊರೂರಿಗೆ ಸುದ್ದಿ ಹಂಚುವ ಸಂಸ್ಥೆಯ ಸಿಬ್ಬಂದಿ ಹೆಚ್ಚುಕಡಿಮೆ ಒಂದೇ ಜಾತಿಯಿಂದ ಬಂದವರು, ಹಾಗಾಗಿ ಯಾವುದು ಸುದ್ದಿ ಅನ್ನುವ ತೀರ್ಮಾನವೂ ಅಲ್ಲೇ ಆಗಿಹೋಗುತ್ತದೆ. ಒಬ್ಬ ಸಂಪಾದಕ ಒಳ್ಳೆಯವನೋ ಕೆಟ್ಟವನೋ ಅನ್ನುವುದಕ್ಕಿಂತ ದುಡ್ಡು ಎಲ್ಲಿಂದ ಬರುತ್ತದೆ, ಸುದ್ದಿಮನೆಯಲ್ಲಿ ಯಾರು ಕೂತಿದ್ದಾರೆ ಅನ್ನುವುದು ಮುಖ್ಯ ಅಂತ ಅವರು ಆಗಲೇ ಹೇಳಿದ್ದರು. ಇವತ್ತು ನಮ್ಮ ಸುದ್ದಿಮನೆಗಳ ಬಗ್ಗೆ ನಾವು ಕೇಳುತ್ತಿರುವುದೂ ಇದೇ ಪ್ರಶ್ನೆಗಳನ್ನು.

1956ರ ಫೆಬ್ರವರಿ 4ರಂದು ಜನತಾ 'ಪ್ರಬುದ್ಧ ಭಾರತ' ಅಂತ ಹೆಸರು ಬದಲಿಸಿಕೊಂಡಿತು. ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅವರು ಬೌದ್ಧರಾದರು. ಡಿಸೆಂಬರ್ 6ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಮೂಕನಾಯಕದಿಂದ ಪ್ರಬುದ್ಧ ಭಾರತದವರೆಗಿನ ಹೆಸರುಗಳನ್ನೇ ಸಾಲಾಗಿ ನೋಡಿದರೆ ಸಾಕು: ಮೂಕರು, ಬಹಿಷ್ಕೃತರು, ಸಮಾನತೆ, ಜನತೆ, ಪ್ರಬುದ್ಧರು. ಒಂದು ಸಮುದಾಯ ತನ್ನನ್ನು ತಾನು ಕರೆದುಕೊಂಡ ಬಗೆ 36 ವರ್ಷದಲ್ಲಿ ಹೇಗೆ ಬದಲಾಯಿತು ಅನ್ನುವುದು ಅದರಲ್ಲೇ ಇದೆ.

ನಮಗೇನು?

ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. 1973ರ ಬೂಸಾ ಪ್ರಕರಣದ ನಂತರ, ದಲಿತ ಸಂಘರ್ಷ ಸಮಿತಿ ರೂಪುಗೊಂಡ ದಿನಗಳಲ್ಲಿ, ಮೈಸೂರಿನಿಂದ 'ಪಂಚಮ' ಹೊರಟಿದ್ದು ಇದೇ ಹಸಿವಿನಿಂದ. ಬೆಲ್ಚಿಯೋ, ಚಂದ್ರಗುತ್ತಿಯೋ, ಕಂಬಾಲಪಲ್ಲಿಯೋ, ಸುದ್ದಿಯಾಗುವುದೂ ಸುದ್ದಿ ಯಾರ ಬಾಯಲ್ಲಿ ಬರುತ್ತದೆ ಅನ್ನುವುದೂ ಬೇರೆಬೇರೆ ಅಂತ ಇಲ್ಲಿನ ಚಳವಳಿಗೂ ಗೊತ್ತು.

ಹಾಗಂತ ಅಂಬೇಡ್ಕರರ ಬದುಕಿನಿಂದ, ದೊಡ್ಡ ಪತ್ರಿಕೆಗಳ ಸಹವಾಸವೇ ಬೇಡ, ನಮ್ಮದೇ ಯೂಟ್ಯೂಬ್ ಚಾನೆಲ್ ಸಾಕು ಅನ್ನುವ ಪಾಠ ಕಲಿತರೆ ತಪ್ಪಾಗುತ್ತದೆ. ಅವರು ಟೈಮ್ಸ್‌ಗೆ ಬರೆದರು, ಆಯೋಗಗಳಿಗೆ ಮನವಿ ಕೊಟ್ಟರು, ಲಂಡನ್‌ನ ಪತ್ರಕರ್ತರ ಜೊತೆ ಮಾತಾಡಿದರು, ವಿರೋಧಿ ಪತ್ರಿಕೆಗಳನ್ನು ದಿನಾ ಓದಿದರು. ತಮ್ಮ ಪತ್ರಿಕೆ ಇದ್ದದ್ದು ಉಳಿದವರ ಪತ್ರಿಕೆಗೆ ಬದಲಾಗಿ ಅಲ್ಲ. ಉಳಿದವರು ಏನೇ ಬರೆದರೂ ತಮ್ಮ ಲೆಕ್ಕ ತಮ್ಮ ಕೈಯಲ್ಲಿ ಇರಲಿ ಅಂತ.

ಹಾಗಾಗಿ ಮುಂದಿನ ಸಲ ನಿಮ್ಮ ಸಂಘಟನೆ ಧರಣಿ ಕೂತಾಗಲೋ, ತಾಲ್ಲೂಕು ಕಚೇರಿಗೆ ಮನವಿ ಕೊಟ್ಟಾಗಲೋ, ಸ್ಥಳೀಯ ವರದಿಗಾರರಿಗೆ ಖಂಡಿತ ಫೋನ್ ಮಾಡಿ. ಹಿಂದಿನ ದಿನವೇ ಮಾಡಿ. ಯಾವ ಆದೇಶ, ಯಾವ ದಿನಾಂಕ, ಎಷ್ಟು ಮನೆ, ಎಷ್ಟು ಎಕರೆ ಅಂತ ಕಾಗದದ ಪ್ರತಿ ಸಮೇತ ಕೊಡಿ. ಆದರೆ ಅವತ್ತು ರಾತ್ರಿಯೇ ಒಬ್ಬರು ಕೂತು, ಏನಾಯಿತು, ಯಾರು ಬಂದರು, ಅಧಿಕಾರಿ ಏನು ಒಪ್ಪಿಕೊಂಡರು ಅನ್ನುವುದನ್ನು ನಿಮ್ಮ ಮಾತಿನಲ್ಲಿ ಬರೆದಿಡಿ. ಬರೆದದ್ದನ್ನು ಸದಸ್ಯರ ಮುಂದೆ ಒಮ್ಮೆ ಓದಿ, ತಪ್ಪಿದ್ದರೆ ತಿದ್ದಿ, ದಿನಾಂಕ ಹಾಕಿ ಜೋಪಾನ ಮಾಡಿ. ಬೆಳಿಗ್ಗೆ ಪೇಪರ್‌ನಲ್ಲಿ ಸುದ್ದಿ ಬಂದರೆ ಅದರ ಪಕ್ಕಕ್ಕೆ ಇದನ್ನು ಇಟ್ಟು ನೋಡಿ. ಬರದಿದ್ದರೂ, ಹತ್ತು ವರ್ಷದ ಮೇಲೆ ಕೇಸು ಕೋರ್ಟಿಗೆ ಬಂದಾಗ ತೋರಿಸಲು ನಿಮ್ಮ ಹತ್ತಿರ ಒಂದು ಕಾಗದ ಇರುತ್ತದೆ.